ಸಿಹಿ ಬಾವಿಗೆ ಹುಳಿ ಹಿಂಡಿದ್ದು ಯಾರು? ಗ್ಯಾಸ್‌ನಲ್ಲಿ ಎಚ್‌ಟುಎಸ್ ಕಂಡಾಗ ದೋಷ ಹುಡುಕುವ ಕೈಪಿಡಿ

ಬೆಳಗ್ಗೆ ಆರೂವರೆ. ಗಾಜಿನ ಸಣ್ಣ ಟ್ಯೂಬಿನ ಎರಡೂ ತುದಿ ಮುರಿದು, ಕೈಪಂಪಿಗೆ ಸಿಕ್ಕಿಸಿ, ನಮ್ಮ ನೈಸರ್ಗಿಕ ಅನಿಲದ ಬಾವಿಯ ಸ್ಯಾಂಪಲ್ ವಾಲ್ವಿನಿಂದ ಗ್ಯಾಸ್ ಎಳೆದೆ. ಟ್ಯೂಬಿನೊಳಗೆ ಸೀಸದ ಉಪ್ಪು ಬೆರೆಸಿದ ಬಿಳಿ ಪುಡಿ ಇರುತ್ತದೆ. ಐದು ವರ್ಷದಿಂದ ಆ ಬಾವಿಯ ಗ್ಯಾಸ್ ಎಳೆದಾಗಲೆಲ್ಲ ಪುಡಿ ಬಿಳಿಯಾಗಿಯೇ ಉಳಿದಿತ್ತು. ಆವತ್ತು ಬುಡದಲ್ಲಿ ತೆಳು ಕಂದು ಬಣ್ಣ ಹತ್ತಿತು, ಬಿಳಿ ಪಂಚೆಯ ಅಂಚಿಗೆ ಟೀ ಚೆಲ್ಲಿದ ಹಾಗೆ. ಮೆಲ್ಲಗೆ ಮೇಲೇರಿ 12ರ ಗೆರೆಯ ಹತ್ತಿರ ನಿಂತಿತು. ಅಂದರೆ 12 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 12 ಪಾಲು) ಹೈಡ್ರೋಜನ್ ಸಲ್ಫೈಡ್. ಫೀಲ್ಡಿನಲ್ಲಿ ನಾವು ಎಚ್‌ಟುಎಸ್ ಅಂತೀವಿ.

ಎಚ್‌ಟುಎಸ್ ಇಲ್ಲದ ಗ್ಯಾಸ್ ಸಿಹಿ, ಇದ್ದರೆ ಹುಳಿ. ಎಷ್ಟೋ ಪೈಪ್‌ಲೈನುಗಳು 4 ಪಿಪಿಎಂಗಿಂತ ಜಾಸ್ತಿ ಇದ್ದರೆ ಗ್ಯಾಸ್ ತೆಗೆದುಕೊಳ್ಳುವುದೇ ಇಲ್ಲ. ಹಾಗಾಗಿ 12 ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಏನು ಸುರಿದರೆ ಹೋಗುತ್ತದೆ? ಆ ಪ್ರಶ್ನೆ ಆಮೇಲೆ. ಮೊದಲು ಅದು ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ನೆಲದಡಿಯ ಬ್ಯಾಕ್ಟೀರಿಯಾ ಮಾಡಿದ್ದಕ್ಕೆ ಒಂದು ಮದ್ದು, ನೆಲದಡಿಯ ಬಿಸಿ ಮಾಡಿದ್ದಕ್ಕೆ ಇನ್ನೊಂದು. ಒಂದರ ಮದ್ದು ಇನ್ನೊಂದಕ್ಕೆ ಸುರಿದರೆ ದುಡ್ಡು ಹೋಗುತ್ತದೆ, ಎಚ್‌ಟುಎಸ್ ಉಳಿಯುತ್ತದೆ.

ಹುಡುಕುವ ಮೊದಲು

ಮೂಗನ್ನು ನಂಬಬೇಡಿ. ಎಚ್‌ಟುಎಸ್‌ಗೆ ಕೊಳೆತ ಮೊಟ್ಟೆಯ ವಾಸನೆ, ನಿಜ. ಗಾಳಿಯಲ್ಲಿ 1 ಪಿಪಿಎಂಗೂ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ 100 ಪಿಪಿಎಂ ಮುಟ್ಟಿದರೆ ಸ್ವಲ್ಪ ಹೊತ್ತಿನಲ್ಲೇ ಮೂಗಿನ ಶಕ್ತಿ ಸತ್ತುಹೋಗುತ್ತದೆ. ವಾಸನೆ ನಿಂತಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ, ಜಾಸ್ತಿ ಆಗಿರಬಹುದು. ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಯಾಷ್ ಸಂಸ್ಥೆ 100 ಪಿಪಿಎಂ ಅನ್ನೇ ಜೀವಕ್ಕೆ ತಕ್ಷಣದ ಅಪಾಯದ ಮಟ್ಟ ಅಂತ ಇಟ್ಟಿದೆ. 1,000ದ ಹತ್ತಿರ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. ಇದು ಗಾಳಿಗಿಂತ ಭಾರ. ಗುಂಡಿ, ಚರಂಡಿ, ವಾಲ್ವ್ ಪಿಟ್‌ಗಳಲ್ಲಿ ತುಂಬಿಕೊಳ್ಳುತ್ತದೆ.

2003ರ ಡಿಸೆಂಬರ್ 23ರ ರಾತ್ರಿ ಚೀನಾದ ಚೋಂಗ್‌ಕಿಂಗ್ ಮಹಾನಗರದ ವ್ಯಾಪ್ತಿಯ ಕೈಶಿಯನ್‌ನಲ್ಲಿ ಕೊರೆಯುತ್ತಿದ್ದ ಬಾವಿ ಹತೋಟಿ ತಪ್ಪಿತು. ಆ ಗ್ಯಾಸ್‌ನಲ್ಲಿ ಎಚ್‌ಟುಎಸ್ ಪಿಪಿಎಂ ಲೆಕ್ಕದಲ್ಲಿ ಅಲ್ಲ, ಶೇಕಡಾ ಲೆಕ್ಕದಲ್ಲಿತ್ತು. 243 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಯವರು, ತಮ್ಮ ಮನೆಗಳಲ್ಲಿ ಇದ್ದವರು. ಈ ಕೆಲಸದಲ್ಲಿ ಇರುವವರು ಆ ಸಂಖ್ಯೆಯನ್ನು ಮರೆಯಬಾರದು.

ಆದ್ದರಿಂದ ಮೀಟರ್ ಮೈಮೇಲಿರಲಿ. ಗಾಳಿ ಬರುವ ಕಡೆ ನಿಲ್ಲಿ. ಒಬ್ಬರೇ ಹೋಗಬೇಡಿ. ಹಳೆ ಫಿಲ್ಟರ್ ಬಿಚ್ಚುವಾಗ ಒಳಗಿನ ಕಪ್ಪು ಪುಡಿಯನ್ನು ಒದ್ದೆಯಾಗಿಯೇ ಇಡಿ. ಅದು ಕಬ್ಬಿಣದ ಸಲ್ಫೈಡ್. ಒಣಗಿ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ.

ಮೊದಲ ಅನುಮಾನ ಸ್ಯಾಂಪಲ್ ಮೇಲೆ

ಆವತ್ತು ಟ್ಯೂಬು 12 ತೋರಿಸಿತು. ಅದೇ ವಾಲ್ವಿನಿಂದ ಉಕ್ಕಿನ ಸಿಲಿಂಡರಿನಲ್ಲಿ ಹಿಡಿದ ಗ್ಯಾಸ್ ನಾಲ್ಕು ದಿನ ಪ್ರಯಾಣ ಮಾಡಿ ಲ್ಯಾಬಿಗೆ ಹೋಯಿತು. ರಿಪೋರ್ಟ್ ಬಂತು: ಎಚ್‌ಟುಎಸ್ ಇಲ್ಲ. ಆಫೀಸಿನವರಿಗೆ ಸಮಾಧಾನ. ನನ್ನ ಟ್ಯೂಬು ಹಳೆಯದು ಅಂದರು. ಮುಂದಿನ ತಿಂಗಳೂ ಹಾಗೇ, ಟ್ಯೂಬಿನಲ್ಲಿ 19, ಲ್ಯಾಬಿನಲ್ಲಿ ಸೊನ್ನೆ.

ಟ್ಯೂಬು ಸರಿಯಾಗಿತ್ತು, ತಪ್ಪಿದ್ದು ಸಿಲಿಂಡರ್. ಎಚ್‌ಟುಎಸ್ ಕಡಿಮೆ ಪ್ರಮಾಣದಲ್ಲಿದ್ದಾಗ ಬರಿ ಉಕ್ಕಿನ ಗೋಡೆಗೆ ಅಂಟಿಕೊಂಡು, ಲೋಹದ ಜೊತೆ ಸೇರಿ ಮಾಯವಾಗುತ್ತದೆ. ಒಳಗೆ ಸ್ವಲ್ಪ ತೇವ ಇದ್ದರೆ ಇನ್ನೂ ಬೇಗ. ಒಳಲೇಪ ಇರುವ ಸಿಲಿಂಡರ್ ತರಿಸಿ ಎರಡರಲ್ಲೂ ಒಟ್ಟಿಗೆ ಹಿಡಿದು ಕಳಿಸಿದೆವು. ಲೇಪ ಇದ್ದದ್ದರಲ್ಲಿ 21, ಬರಿ ಉಕ್ಕಿನದರಲ್ಲಿ ಮತ್ತೆ ಸೊನ್ನೆ. ಎರಡು ತಿಂಗಳು ಸುಮ್ನೆ ಕಳೆದಿದ್ದೆವು. ಕಡಿಮೆ ಪಿಪಿಎಂ ಎಚ್‌ಟುಎಸ್ ಅನ್ನು ಬಾವಿಯ ಬಾಯಲ್ಲೇ ಅಳೆಯಿರಿ. ಲ್ಯಾಬಿನ ಸೊನ್ನೆ ಕಂಡರೆ, ಯಾವ ಸಿಲಿಂಡರ್ ಅಂತ ಕೇಳಿ.

ಇದರ ಉಲ್ಟಾ ಕೂಡ ಆಗುತ್ತದೆ. ಕೆಲವು ಟ್ಯೂಬುಗಳು ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತಕ್ಕೂ ಬಣ್ಣ ತಿರುಗುತ್ತವೆ. ಬೆಂಗಳೂರಿನ ಮನೆಗಳಿಗೆ ಪೈಪಿನಲ್ಲಿ ಬರುವ ಗ್ಯಾಸ್‌ಗೆ ಒಂದು ವಾಸನೆ ಇರುತ್ತದೆ ಅಲ್ವಾ, ಸೋರಿದರೆ ಗೊತ್ತಾಗಲಿ ಅಂತ ಬೇಕೆಂದೇ ಹಾಕುವುದು ಇದೇ ಜಾತಿಯ ವಸ್ತು. ಟ್ಯೂಬಿನ ಜೊತೆ ಬರುವ ಚೀಟಿಯಲ್ಲಿ ಯಾವುದಕ್ಕೆಲ್ಲ ಬಣ್ಣ ತಿರುಗುತ್ತದೆ ಅಂತ ಬರೆದಿರುತ್ತಾರೆ. ಓದಿ.

ಬೇರೆ ಘಟಕಗಳೂ ಬದಲಾಗಿದ್ದರೆ ಸ್ಯಾಂಪಲ್‌ಗೆ ಗಾಳಿ ಸೇರಿದೆಯಾ ನೋಡಿ. ನೈಟ್ರೋಜನ್ ಏರಿದೆ, ಆಕ್ಸಿಜನ್ ಇಲ್ಲ ಅಂದ ಮಾತ್ರಕ್ಕೆ ಗಾಳಿ ಅಲ್ಲ ಅನ್ನಬೇಡಿ. ಸಿಲಿಂಡರಿನ ತುಕ್ಕು ಆಕ್ಸಿಜನ್ ತಿಂದಿರಬಹುದು. ಆರ್ಗಾನ್ ಅಳೆಸಿ. ಗಾಳಿಯಲ್ಲಿ ನೈಟ್ರೋಜನ್ ಆರ್ಗಾನ್‌ನ ಸುಮಾರು 84 ಪಟ್ಟು ಇರುತ್ತದೆ. ಆರ್ಗಾನ್ ಯಾವುದರ ಜೊತೆಗೂ ಸೇರದ ಅನಿಲ, ಅದು ಸುಳ್ಳು ಹೇಳುವುದಿಲ್ಲ.

ಎರಡನೆಯದು: ನಾವೇ ಏನಾದರೂ ಒಳಗೆ ಹಾಕಿದೆವಾ?

ಬಾವಿಯ ಡೈರಿ ತೆಗೆದು ಹಿಂದಿನ ಒಂದು ವರ್ಷ ಓದಿ. ಆಸಿಡ್ ಹಾಕಿ ತೊಳೆದಿದ್ದರೆ, ಪೈಪಿನ ಒಳಗೆ ಕೂತಿದ್ದ ಕಬ್ಬಿಣದ ಸಲ್ಫೈಡ್ ಕರಗಿ ಎಚ್‌ಟುಎಸ್ ಒಮ್ಮೆಗೇ ಏಳುತ್ತದೆ. ಹೀಗೆ ಬಂದದ್ದು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ತಿಂಗಳುಗಟ್ಟಲೆ ಏರುತ್ತಾ ಹೋಗುವುದಿಲ್ಲ. ಹಾಗಾಗಿ ಗ್ರಾಫ್ ಬರೆಯಿರಿ. ಜೋರಾಗಿ ಎದ್ದು ಬಿದ್ದರೆ ಆಸಿಡ್ ಕಡೆ ನೋಡಿ. ನಿಧಾನಕ್ಕೆ ಏರುತ್ತಲೇ ಇದ್ದರೆ ಕಾರಣ ಕಲ್ಲಿನೊಳಗಿದೆ.

ಎಚ್‌ಟುಎಸ್ ಹೀರುವ ಟ್ರಯಜೀನ್ ಮದ್ದನ್ನು ಮೊದಲಿನಿಂದ ಹಾಕುತ್ತಿದ್ದೀರಾ? ಪಂಪು ಕೆಟ್ಟು ಮದ್ದು ನಿಂತಿದ್ದರೆ ಹಳೆಯ ಹುಳಿಯೇ ಈಗ ಕಂಡಿದೆ ಅಷ್ಟೆ. ಹೊಸ ದೋಷ ಅಲ್ಲ.

ಡೈರಿಯಲ್ಲಿ ತಪ್ಪದೆ ನೋಡಬೇಕಾದ್ದು ನೀರು. ಪಕ್ಕದ ಬಾವಿಗಳಲ್ಲಿ ಒತ್ತಡ ಉಳಿಸಲು ಸಮುದ್ರದ ನೀರು ತುಂಬುತ್ತಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಸಮುದ್ರದ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 2,700 ಮಿಲಿಗ್ರಾಂ ಸಲ್ಫೇಟ್ ಇರುತ್ತದೆ. ನೆಲದಡಿಯ ಬ್ಯಾಕ್ಟೀರಿಯಾಗೆ ಅದು ಬಡಿಸಿಟ್ಟ ಊಟ.

ಮೂರನೆಯದು: ಬಿಸಿ ಎಷ್ಟು?

ಒಂದೇ ಒಂದು ಅಳತೆ ಮಾತ್ರ ಕೊಡುತ್ತೇವೆ, ಆರಿಸಿಕೋ ಅಂದರೆ ನಾನು ಕೇಳುವುದು ಬಾವಿಯ ತಳದ ಬಿಸಿ.

ನೆಲದಡಿ ಎಚ್‌ಟುಎಸ್ ಹುಟ್ಟುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಎರಡರಲ್ಲೂ ಸಲ್ಫೇಟ್‌ನಿಂದ ಆಕ್ಸಿಜನ್ ಕಿತ್ತುಕೊಳ್ಳುವುದೇ ಕೆಲಸ. ಒಂದರಲ್ಲಿ ಕೆಲಸಗಾರ ಬ್ಯಾಕ್ಟೀರಿಯಾ. ಎಣ್ಣೆಯಲ್ಲಿರುವ ಇಂಗಾಲದ ಪದಾರ್ಥ ತಿಂದು, ಸಲ್ಫೇಟ್ ಉಸಿರಾಡಿ, ಎಚ್‌ಟುಎಸ್ ಬಿಡುತ್ತದೆ. ಎಣ್ಣೆ ಬಾವಿಗಳ ನೀರಿನಲ್ಲಿ ಇಂಥ ಬ್ಯಾಕ್ಟೀರಿಯಾ ಇವೆ ಅಂತ ಅಮೆರಿಕದ ಭೂವಿಜ್ಞಾನಿ ಬ್ಯಾಸ್ಟಿನ್ 1926ರಲ್ಲೇ ತೋರಿಸಿದ್ದರು. ಇನ್ನೊಂದರಲ್ಲಿ ಜೀವವೇ ಇಲ್ಲ. ಬರಿ ಬಿಸಿ. ಆನ್‌ಹೈಡ್ರೈಟ್ ಎಂಬ ಕ್ಯಾಲ್ಸಿಯಂ ಸಲ್ಫೇಟ್ ಕಲ್ಲು ಗ್ಯಾಸ್ ಜೊತೆ ಸೇರಿ ಸುಣ್ಣದ ಕಲ್ಲಾಗುತ್ತದೆ. ಜೊತೆಗೆ ಎಚ್‌ಟುಎಸ್ ಮತ್ತು ನೀರು ಬರುತ್ತವೆ.

ಇಡ್ಲಿ ಹಿಟ್ಟು ಬೆಚ್ಚಗಿದ್ದರೆ ಹುದುಗುತ್ತದೆ, ಹಬೆಗೆ ಇಟ್ಟ ಮೇಲೆ ಹುದುಗುವುದಿಲ್ಲ. ನೆಲದಡಿಯೂ ಹಾಗೇ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಬಿಸಿಯ ದಾರಿ ಶುರುವಾಗಲು 100ರಿಂದ 140 ಡಿಗ್ರಿ ಬೇಕು. ನಡುವಿನ 80–100 ಡಿಗ್ರಿಯಲ್ಲಿ ಎರಡೂ ಕಷ್ಟ. ಅಲ್ಲಿ ಎಚ್‌ಟುಎಸ್ ಕಂಡರೆ ಬೇರೆ ಕಡೆಯಿಂದ ಹರಿದು ಬಂದಿದೆಯಾ ಅಂತ ಹುಡುಕಿ. ಬಿಸಿ ಅಳೆಯುವ ಗೇಜ್ ಇಲ್ಲದಿದ್ದರೆ ಕಿಲೋಮೀಟರಿಗೆ 25–30 ಡಿಗ್ರಿಯ ಹಾಗೆ ಅಂದಾಜು ಹಾಕಬಹುದು. ಆದರೆ ಗೇಜೇ ಇಳಿಸಿ. ಹತ್ತು ಡಿಗ್ರಿ ಆಚೀಚೆ ಆದರೂ ಇಡೀ ತೀರ್ಪು ತಿರುಗಿಬಿಡಬಹುದು.

ಎರಡು ಕಡೆ ಎಡವುತ್ತೇವೆ.

ಒಂದು, ಕಲ್ಲಿನ ಇವತ್ತಿನ ಬಿಸಿ ಬೇರೆ, ಅದು ಹಿಂದೆ ಕಂಡ ಬಿಸಿ ಬೇರೆ. ಆಳದಲ್ಲಿ ಬೆಂದ ಪದರ ಆಮೇಲೆ ಮೇಲೆದ್ದು ತಣ್ಣಗಾಗಿರಬಹುದು. ಇವತ್ತು 60 ಡಿಗ್ರಿ ಇದ್ದರೂ ಅದರಲ್ಲಿರುವ ಎಚ್‌ಟುಎಸ್ ಹಳೆಯ ಬಿಸಿಯದ್ದಾಗಿರಬಹುದು. ಹಾಗೆ ಬೆಂದ ಕಲ್ಲಿನಲ್ಲಿ ಸ್ವಂತ ಬ್ಯಾಕ್ಟೀರಿಯಾ ಉಳಿದಿರುವುದು ಅಪರೂಪ. ಆದರೆ ನಾವು ತುಂಬುವ ನೀರಿನ ಜೊತೆ ಹೊಸವು ಹೋಗುತ್ತವೆ. ತಣ್ಣನೆಯ ಸಮುದ್ರದ ನೀರು ತುಂಬಿದ ಬಾವಿಯ ಸುತ್ತ ಕಲ್ಲೂ ತಣಿಯುತ್ತದೆ. 100 ಡಿಗ್ರಿಯ ಕ್ಷೇತ್ರದಲ್ಲೂ ಆ ಒಂದು ವಲಯ ಬ್ಯಾಕ್ಟೀರಿಯಾಗೆ ಹದವಾಗಿರುತ್ತದೆ.

ಎರಡನೆಯದು ಇದಕ್ಕಿಂತ ಮುಖ್ಯ. ಬಿಸಿಯ ದಾರಿ ಲಕ್ಷಾಂತರ ವರ್ಷದ ಕೆಲಸ. ಲ್ಯಾಬಿನಲ್ಲಿ ಅದನ್ನು ದಿನ, ವಾರಗಳಲ್ಲಿ ನೋಡಬೇಕಾದರೆ 300 ಡಿಗ್ರಿಗೂ ಮೇಲೆ ಕಾಯಿಸುವುದು ಸಾಮಾನ್ಯ. ನಿಮ್ಮ ಬಾವಿ ಕಳೆದ ಉಗಾದಿಗೆ ಸಿಹಿ ಇದ್ದು ಈ ಉಗಾದಿಗೆ ಹುಳಿಯಾಗಿದ್ದರೆ, ಆ ರಾಸಾಯನಿಕ ಕ್ರಿಯೆ ಈ ವರ್ಷ ನಡೆದಿಲ್ಲ. ಹಿಂದೆಂದೋ ಆಗಿ ಕೂತಿದ್ದ ಗ್ಯಾಸ್ ಈಗ ನಿಮ್ಮ ಕಡೆ ಹರಿದಿದೆ. ಕೆಳಗಿನ ಪದರದಿಂದ ಬಂದಿರಬಹುದು. ಬಾವಿಯ ಗೋಡೆಗೆ ಇಳಿಸಿದ ಉಕ್ಕಿನ ಕೊಳವೆ (ಕೇಸಿಂಗ್) ತೂತಾಗಿರಬಹುದು. ಅಥವಾ ಒತ್ತಡ ಇಳಿದು, ಕಲ್ಲಿನ ನೀರಿನಲ್ಲಿ ಕರಗಿದ್ದ ಎಚ್‌ಟುಎಸ್ ಬಿಡುಗಡೆ ಆಗುತ್ತಿರಬಹುದು. ಎಚ್‌ಟುಎಸ್ ನೀರಿನಲ್ಲಿ ಮೀಥೇನ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಕರಗುತ್ತದೆ, ಒತ್ತಡ ಬಿದ್ದಾಗ ಹೊರಗೆ ಬರುತ್ತದೆ. ಇಲ್ಲಿ ಹುಡುಕಬೇಕಾದ್ದು ಹೊಸ ಕ್ರಿಯೆಯನ್ನಲ್ಲ, ಹೊಸ ದಾರಿಯನ್ನು.

ಕಲ್ಲಿನ ಪಾಲೂ ಇದರಲ್ಲಿದೆ. ಮರಳುಗಲ್ಲಿನಲ್ಲಿ ಕಬ್ಬಿಣ ಇದ್ದರೆ ಅದು ಎಚ್‌ಟುಎಸ್ ಹಿಡಿದು ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಮಾಡಿಕೊಳ್ಳುತ್ತದೆ. ಕೆಳಗೆ ಬ್ಯಾಕ್ಟೀರಿಯಾ ವರ್ಷಗಟ್ಟಲೆ ದುಡಿದರೂ ಮೇಲೆ ಏನೂ ಕಾಣುವುದಿಲ್ಲ. ಕಬ್ಬಿಣ ಮುಗಿದ ದಿನ ಎಚ್‌ಟುಎಸ್ ಬಾವಿಗೆ ಮುಟ್ಟುತ್ತದೆ. ಐದು ವರ್ಷ ಬಿಳಿಯಾಗಿದ್ದ ಟ್ಯೂಬು ಒಂದು ಬೆಳಗ್ಗೆ ಕಂದಾಗುವುದು ಹೀಗೂ ಇರಬಹುದು. ಸುಣ್ಣದ ಕಲ್ಲಿನಲ್ಲಿ ಕಬ್ಬಿಣ ಕಡಿಮೆ, ಹಿಡಿಯುವವರಿಲ್ಲ. ಎಚ್‌ಟುಎಸ್ ಜಾಸ್ತಿ ಇರುವ ದೊಡ್ಡ ಕ್ಷೇತ್ರಗಳು ಹೆಚ್ಚಾಗಿ ಸುಣ್ಣದ ಕಲ್ಲು, ಡಾಲೊಮೈಟ್‌ಗಳಲ್ಲೇ ಇವೆ. ಫ್ರಾನ್ಸಿನ ಲಾಕ್‌ನಲ್ಲಿ ಸುಮಾರು ಶೇ. 15, ರಷ್ಯಾದ ಅಸ್ತ್ರಾಖಾನ್‌ನಲ್ಲಿ ಸುಮಾರು ಶೇ. 25.

ನಾಲ್ಕನೆಯದು: ಜೊತೆಗಾರರನ್ನು ಕೇಳಿ

ನೀರಿನ ರಿಪೋರ್ಟ್ ತೆಗೆಯಿರಿ. ನಮ್ಮ ಬಾವಿಯ ಆಳ 1,900 ಮೀಟರ್, ತಳದಲ್ಲಿ 68 ಡಿಗ್ರಿ, ಕಬ್ಬಿಣ ಇದ್ದ ಮರಳುಗಲ್ಲು, ಕೆಳಗೆ ಎಣ್ಣೆ, ಎಣ್ಣೆಯ ಪದರಕ್ಕೆ ಸಮುದ್ರದ ನೀರು. ಅನುಮಾನ ಬ್ಯಾಕ್ಟೀರಿಯಾ ಮೇಲೆ ಹೋಯಿತು, ಆದರೆ ಸಮುದ್ರದ ನೀರು ನಮ್ಮ ಬಾವಿಯವರೆಗೆ ಬಂದಿದೆ ಅನ್ನುವುದಕ್ಕೆ ಗುರುತು ಬೇಕಿತ್ತು. ಅದನ್ನು ಕೊಟ್ಟಿದ್ದು ಬೇರಿಯಂ. ಆ ಕಲ್ಲಿನ ಸ್ವಂತ ನೀರಿನಲ್ಲಿ ಬೇರಿಯಂ ಇತ್ತು. ಸಮುದ್ರದ ಸಲ್ಫೇಟ್ ಬಂದು ಸೇರಿದರೆ ಎರಡೂ ಕೂಡಿ ಗಟ್ಟಿ ಬೇರೈಟ್ ಆಗಿ ಕೂತುಬಿಡುತ್ತವೆ, ನೀರಿನಲ್ಲಿ ಬೇರಿಯಂ ಇಳಿಯುತ್ತದೆ. ಹಿಂದಿನ ಎಂಟು ರಿಪೋರ್ಟ್ ಸಾಲಾಗಿ ಇಟ್ಟು ನೋಡಿದೆ. ಟ್ಯೂಬು ಕಂದಾಗುವ ಏಳು ತಿಂಗಳ ಮೊದಲೇ ಬೇರಿಯಂ ಇಳಿಯಲು ಶುರುವಾಗಿತ್ತು. ಯಾರೂ ಆ ಕಾಲಂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಗ್ಯಾಸ್‌ನ ಉಳಿದ ಘಟಕಗಳೂ ಸಾಕ್ಷಿ ಹೇಳುತ್ತವೆ. ಬಿಸಿಯ ದಾರಿಯಲ್ಲಿ ಮೀಥೇನ್‌ಗಿಂತ ಮೊದಲು ಸುಡುವುದು ಈಥೇನ್, ಪ್ರೊಪೇನ್‌ನಂಥ ದೊಡ್ಡ ಅಣುಗಳು. ಅಂಥ ಗ್ಯಾಸ್‌ನಲ್ಲಿ ಅವು ತೀರಾ ಕಡಿಮೆ, ಮೀಥೇನ್ ಬಿಟ್ಟರೆ ಹೆಚ್ಚಿಗೆ ಏನೂ ಇಲ್ಲ, ಎಚ್‌ಟುಎಸ್ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ ಮೇಲೆ. ಉಳಿದ ಈಥೇನ್‌ನ ಇಂಗಾಲ ಭಾರ, ಅಂದರೆ ಇಂಗಾಲ-13 ಜಾಸ್ತಿ. ಎಚ್‌ಟುಎಸ್ ಶೇಕಡಾ 5, 10 ಇದ್ದರೆ ಬ್ಯಾಕ್ಟೀರಿಯಾ ಅನ್ನುವ ಮಾತೇ ಬೇಡ. ಅಷ್ಟು ವಿಷದಲ್ಲಿ ಅವೇ ಬದುಕುವುದಿಲ್ಲ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಗಂಧಕದ ಐಸೊಟೋಪ್, ಅಂದರೆ ಬೇರೆ ಬೇರೆ ತೂಕದ ಗಂಧಕದ ಪರಮಾಣುಗಳನ್ನು ಅಳೆಸಿ. ಗಂಧಕ-32 ಹಗುರ, ಗಂಧಕ-34 ಭಾರ. ಬ್ಯಾಕ್ಟೀರಿಯಾ ಉಪ್ಪಿಟ್ಟಿನಲ್ಲಿ ಗೋಡಂಬಿ ಆರಿಸಿ ತಿನ್ನುವ ಮಗುವಿನ ಹಾಗೆ, ಹಗುರವಾದದ್ದನ್ನೇ ಮೊದಲು ಆರಿಸುತ್ತದೆ. ಅದು ಬಿಟ್ಟ ಎಚ್‌ಟುಎಸ್ ಮೂಲ ಸಲ್ಫೇಟ್‌ಗಿಂತ ಸಾವಿರಕ್ಕೆ 20–40 ಭಾಗ, ಕೆಲವು ಸಲ ಇನ್ನೂ ಹಗುರ. ಜಾಸ್ತಿ ಬಿಸಿಯಲ್ಲಿ ಹೀಗೆ ಆರಿಸುವುದು ಕಡಿಮೆ, ಎಚ್‌ಟುಎಸ್ ಸಲ್ಫೇಟ್‌ಗೆ ಹತ್ತಿರವೇ ಇರುತ್ತದೆ. ಸ್ಯಾಂಪಲ್ ತೆಗೆಯುವುದು ಸುಲಭ. ಗ್ಯಾಸನ್ನು ಜಿಂಕ್ ಅಸಿಟೇಟ್ ದ್ರಾವಣದಲ್ಲಿ ಗುಳುಗುಳು ಹಾಯಿಸಿದರೆ ಹಾಲಿನ ಹಾಗೆ ಬಿಳಿ ಗಸಿ ಇಳಿಯುತ್ತದೆ. ಆ ಗಸಿಯನ್ನು ಲ್ಯಾಬಿಗೆ ಕಳಿಸಿ. ಸಿಲಿಂಡರ್ ಗೋಡೆಯ ಕಾಟ ಇಲ್ಲ. ಹೋಲಿಸಲು ನೀರಿನ ಸಲ್ಫೇಟ್ ಅಥವಾ ಕಲ್ಲಿನ ಆನ್‌ಹೈಡ್ರೈಟ್ ಕೂಡ ಕಳಿಸಬೇಕು. ಎಷ್ಟೋ ಜನ ಇದನ್ನು ಮರೆಯುತ್ತಾರೆ. ಎಚ್‌ಟುಎಸ್‌ನ ಒಂಟಿ ಅಂಕಿ ಏನೂ ಹೇಳುವುದಿಲ್ಲ.

ಗ್ಯಾಸ್ ಕಡಿಮೆಯಾದರೆ ಸೋರಿಕೆಯೇ ಆಗಬೇಕಿಲ್ಲ

ಇದು ಸ್ವಲ್ಪ ಬೇರೆ ದೋಷ. ಹೈಡ್ರೋಜನ್ ಬೆರೆತ ಗ್ಯಾಸನ್ನು ನೆಲದಡಿ ಕೂಡಿಡುವ ಕೆಲಸ ಈಗ ಹೆಚ್ಚುತ್ತಿರುವುದರಿಂದ ಹೇಳಲೇಬೇಕು. ಅಂದಿನ ಚೆಕೊಸ್ಲೊವಾಕಿಯಾದ ಲೊಬೊಡಿಸೆಯಲ್ಲಿ ಕಲ್ಲಿದ್ದಲಿನಿಂದ ಮಾಡಿದ ಊರ ಗ್ಯಾಸನ್ನು ನೀರಿನ ಪದರದಲ್ಲಿ ತುಂಬಿಡುತ್ತಿದ್ದರು. ಒಳಗೆ ಹಾಕುವಾಗ ಹೈಡ್ರೋಜನ್ ಸುಮಾರು ಶೇ. 54, ಮೀಥೇನ್ ಶೇ. 22. ಕೆಲವು ತಿಂಗಳ ನಂತರ ತೆಗೆದಾಗ ಹೈಡ್ರೋಜನ್ ಶೇ. 37, ಮೀಥೇನ್ ಶೇ. 40. ಇಂಗಾಲದ ಆಕ್ಸೈಡ್‌ಗಳೂ ಇಳಿದಿದ್ದವು. ಕಾರಣ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಅಂತ 1990ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಇಲ್ಲಿ ಲೆಕ್ಕ ನೋಡಿ. ನಾಲ್ಕು ಹೈಡ್ರೋಜನ್ ಅಣು, ಒಂದು ಕಾರ್ಬನ್ ಡೈಆಕ್ಸೈಡ್ ಸೇರಿ ಒಂದು ಮೀಥೇನ್ ಮತ್ತು ನೀರು. ಐದು ಪಾಲು ಗ್ಯಾಸ್ ಹೋಗಿ ಒಂದು ಪಾಲು ಉಳಿಯಿತು. ಒತ್ತಡ ಬೀಳುತ್ತದೆ, ಜನ ಸೋರಿಕೆ ಹುಡುಕಲು ಓಡುತ್ತಾರೆ. ಓಡುವ ಮೊದಲು ಗ್ಯಾಸ್‌ನ ಘಟಕಗಳನ್ನು ಅಳೆಯಿರಿ. ಮಾಮೂಲಿ ಸೋರಿಕೆಯಲ್ಲಿ ಎಲ್ಲ ಘಟಕಗಳೂ ಹೆಚ್ಚುಕಡಿಮೆ ಒಟ್ಟಿಗೆ ಹೋಗುತ್ತವೆ. ಹೈಡ್ರೋಜನ್ ಇಳಿದು ಮೀಥೇನ್ ಏರಿದ್ದರೆ ತಿಂದವರು ಒಳಗೇ ಇದ್ದಾರೆ. ಆಸ್ಟ್ರಿಯಾದ ಪಿಲ್ಸ್‌ಬಾಖ್ ಬಳಿ ಬೇಕೆಂದೇ ಇದೇ ಕ್ರಿಯೆಯಿಂದ ಮೀಥೇನ್ ಮಾಡಿ ನೋಡುವ ಪ್ರಯೋಗವೂ ನಡೆದಿದೆ.

ಕಾರಣ ಸಿಕ್ಕಿತು. ಈಗ?

ಮೊದಲು ಪೈಪು ತಾಳುತ್ತದಾ ಲೆಕ್ಕ ಹಾಕಿ. ಎಚ್‌ಟುಎಸ್ ಉಕ್ಕನ್ನು ತುಕ್ಕು ಹಿಡಿಸುವುದಷ್ಟೇ ಅಲ್ಲ, ಗಟ್ಟಿ ಉಕ್ಕನ್ನು ಒಳಗಿನಿಂದ ಬಿರುಕು ಬಿಡಿಸುತ್ತದೆ. ತುಕ್ಕು ತಡೆಯುವ ಎಂಜಿನಿಯರುಗಳ ಸಂಘವಾದ ನೇಸ್‌ನ ಮಾನದಂಡದಲ್ಲಿ ಗಡಿ 0.05 ಪಿಎಸ್‌ಐ (ಒತ್ತಡದ ಅಳತೆ), ಅದು ಒಟ್ಟು ಒತ್ತಡದಲ್ಲಿ ಎಚ್‌ಟುಎಸ್‌ನ ಪಾಲು. ನಮ್ಮ ಬಾವಿಯಲ್ಲಿ ಒಟ್ಟು 2,000 ಪಿಎಸ್‌ಐ ಇತ್ತು. 12 ಪಿಪಿಎಂ ಇದ್ದಾಗ ಪಾಲು 0.024, ಗಡಿಯ ಒಳಗೆ. 40 ಮುಟ್ಟಿದಾಗ 0.08, ಗಡಿ ದಾಟಿತು. ಪಿಪಿಎಂ ನೋಡಿ ಸಣ್ಣದು ಅಂತ ಕೂರಬೇಡಿ, ಒತ್ತಡದಿಂದ ಗುಣಿಸಿ. ಲಾಕ್‌ನಲ್ಲಿ 1951ರಲ್ಲಿ ಆಳದ ಗ್ಯಾಸ್ ಸಿಕ್ಕಿದರೂ ಉತ್ಪಾದನೆ ಶುರುವಾಗಿದ್ದು 1957ರಲ್ಲಿ. ಆ ಹುಳಿ ತಾಳುವ ಉಕ್ಕು ಮೊದಲು ತಯಾರಾಗಬೇಕಿತ್ತು.

ಬಿಸಿಯ ದಾರಿಯ ಎಚ್‌ಟುಎಸ್ ಆದರೆ ನೆಲದಡಿ ಮಾಡುವಂಥದ್ದು ಏನೂ ಇಲ್ಲ. ಹರಿದು ಬರುವ ದಾರಿ ಮುಚ್ಚಲು ಆಗುತ್ತದಾ ನೋಡಿ. ಇಲ್ಲದಿದ್ದರೆ ನೆಲದ ಮೇಲೆ, ಎಚ್‌ಟುಎಸ್ ಹೀರುವ ಅಮೀನ್ ದ್ರಾವಣದ ಘಟಕ ಕಟ್ಟಿ ಗ್ಯಾಸ್ ತೊಳೆಯಬೇಕು. ಬ್ಯಾಕ್ಟೀರಿಯಾ ಸಾಯಿಸುವ ಮದ್ದು ಇಲ್ಲಿ ಶುದ್ಧ ದಂಡ.

ಬ್ಯಾಕ್ಟೀರಿಯಾ ಆದರೆ ತುಂಬುವ ನೀರಿನಲ್ಲೇ ಕೈ ಹಾಕಿ. ಸಲ್ಫೇಟ್ ಸೋಸಿ ತೆಗೆಯಬಹುದು, ಅಥವಾ ನೈಟ್ರೇಟ್ ಹಾಕಬಹುದು. ನೈಟ್ರೇಟ್ ಉಸಿರಾಡುವ ಬ್ಯಾಕ್ಟೀರಿಯಾ ಬೆಳೆದು, ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾದ ಇಂಗಾಲದ ಊಟಕ್ಕೆ ಪೈಪೋಟಿ ಕೊಡುತ್ತವೆ. ನಾರ್ವೆಯ ಗುಲ್‌ಫಾಕ್ಸ್ ಕ್ಷೇತ್ರದಲ್ಲಿ 1999ರಿಂದ ಹೀಗೆ ಮಾಡಿದ್ದಾರೆ. ಬರಿ ವಿಷ ಹಾಕುವುದಕ್ಕಿಂತ ಇದು ನನಗೆ ಮೇಲು ಅನಿಸುತ್ತದೆ, ಯಾಕೆಂದರೆ ವಿಷ ಬಾವಿಯ ಹತ್ತಿರವೇ ಮುಗಿದುಹೋಗುತ್ತದೆ, ನೈಟ್ರೇಟ್ ಹಾಗಲ್ಲ, ಸ್ವಲ್ಪ ದೂರ ಹೋಗುತ್ತದೆ.

ನಮ್ಮಲ್ಲೂ ನೈಟ್ರೇಟ್ ಹಾಕಿದರು, ಗ್ಯಾಸ್ ಮೇಲೆ ಬರುವ ಬಾವಿಯೊಳಗಿನ ಪೈಪು (ಟ್ಯೂಬಿಂಗ್) ಬದಲಾಯಿಸಿದರು. ಮೊದಲ ನಾಲ್ಕು ತಿಂಗಳು ಏನೂ ಆಗಲಿಲ್ಲ. ನೀರು ಅಲ್ಲಿಂದ ಇಲ್ಲಿಗೆ ನಡೆದು ಬರಲು ಅಷ್ಟು ಹೊತ್ತು ಬೇಕು, ನಡುವೆ ಯಾರೂ ಪಂಪು ನಿಲ್ಲಿಸಬಾರದು. ಐದನೇ ತಿಂಗಳು 40 ಇದ್ದದ್ದು 33 ಆಯಿತು. ವರ್ಷ ಕಳೆಯುವಾಗ 15. ಅಲ್ಲಿಂದ ಕೆಳಗೆ ಇಳಿದಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ಟ್ಯೂಬು ಎಳೆಯುತ್ತಾರೆ, ಪಕ್ಕದ ಕಾಲಂನಲ್ಲಿ ಬೇರಿಯಂ ಬರೆಯುತ್ತಾರೆ.